ಡ್ರಿಲ್ ಮಾಸ್ತರ ಗೊಂಬೆ

"ನಮಸ್ತೇ ಸಾರ್!"

ಕಿಶೋರ ಗೇಟಿನಲ್ಲೇ ಕಂಬದ ಹಾಗೆ ನಿಂತುಬಿಟ್ಟ. ಅವನ ಕೈಯಲ್ಲಿ ಮಜ್ಜಿಗೆ ಚೊಂಬಿತ್ತು. ಮೇಲಿನಿಂದ ಉತ್ತರ ಬರಲಿಲ್ಲ.

"ನಮಸ್ತೇ ಸಾರ್," ಎಂದ ಇನ್ನೊಮ್ಮೆ, ಹಿಮ್ಮಡಿ ಜೋಡಿಸಿಕೊಂಡು.

ಒಳಗಿನಿಂದ ಇಣುಕಿದ ಪರಿಮಳಾಗೆ ನಗು ತಡೆಯಲಾಗಲಿಲ್ಲ. "ಅದು ಅಪ್ಪ ಅಲ್ವೋ! ದೃಷ್ಟಿಗೊಂಬೆ!"

ತಪ್ಪು ಕಿಶೋರನದಲ್ಲ. ಶಿರಸಿಯ ಬನವಾಸಿ ರಸ್ತೆಯ ಪಕ್ಕದ ಆ ಹಳೇ ಮನೆಯ ಎದುರುಗೋಡೆ ಹುಣ್ಣೆದ್ದ ಹಾಗೆ ಸುಣ್ಣ ಉದುರಿಸುತ್ತಿತ್ತು. ಅದನ್ನು ಕೆರೆದು, ಗಿಲಾವು ಮಾಡಿ, ಬಣ್ಣ ಹೊಡೆಯಲು ಸಿದ್ದಾಪುರದ ಕಂತ್ರಾಟುದಾರ ಮಾದೇವ ಬಂದಿದ್ದ. ಕೆಲಸ ನಡೆಯುವ ಮನೆಗೆ ಊರಿನ ಕಣ್ಣು ಬೀಳಬಾರದೆಂದು ಗೊಂಬೆ ಕಟ್ಟುವುದು ಅವನ ಪದ್ಧತಿ. "ಹಳೇ ಬಟ್ಟೆ ಇದ್ರೆ ಕೊಡಿ ಅಮ್ಮ," ಎಂದು ಕೇಳಿದ. ಅಜ್ಜಿ ಕಲ್ಲವ್ವ ಕೈಗೆ ಸಿಕ್ಕಿದ್ದನ್ನು ಕೊಟ್ಟಳು. ಸಿಕ್ಕಿದ್ದು ಮಗ ಚನ್ನಯ್ಯ ಮಾಸ್ತರರ ಬಿಳಿ ಪ್ಯಾಂಟು, ಬಿಳಿ ಟೀಶರ್ಟು.

ಹುಲ್ಲು ತುಂಬಿದಾಗ ಹೊಟ್ಟೆ ಮುಂದೆ ಬಂತು. ಮಡಕೆಯ ತಲೆಗೆ ಮಾದೇವ ದಪ್ಪ ಮೀಸೆ ಬರೆದ. ಕೈ ಜೋತುಬೀಳದಿರಲಿ ಎಂದು ತೋಳಿಗೆ ಒಂದು ಕೋಲು ಕಟ್ಟಿದ. ಅಲ್ಲಿಗೆ ಶಾಲೆಯ ಡ್ರಿಲ್ ಸಾರ್ ಬೆತ್ತ ಎತ್ತಿಕೊಂಡು ಮನೆಯ ಮುಂದೆ ನೇತಾಡತೊಡಗಿದರು.

ನಿಜವಾದ ಡ್ರಿಲ್ ಸಾರ್ ಆಟದ ಟೀಮು ಕರೆದುಕೊಂಡು ಕಾರವಾರಕ್ಕೆ ಹೋಗಿದ್ದರು. ಅವರ ಬೆತ್ತದ ರುಚಿ ಕಾಣದ ಅಂಗೈ ಶಾಲೆಯಲ್ಲಿರಲಿಲ್ಲ. ಲೈನು ಸೊಟ್ಟಗಾದರೆ ಏಟು. ಶೂ ಲೇಸು ಬಿಚ್ಚಿದ್ದರೆ ಏಟು. ಯಾಕೆ ಸಾರ್ ಎಂದು ಕೇಳಿದರೆ, ಕೇಳಿದ್ದಕ್ಕೇ ಬೇರೆ ಏಟು. ಹೀಗಿರುವಾಗ ಅವರ ಮಗಳ ಜೊತೆ ಯಾರು ಆಡುತ್ತಾರೆ? ಪರಿಮಳಾ ಹತ್ತಿರ ಬಂದರೆ ಮಕ್ಕಳ ಮಾತೇ ನಿಂತುಹೋಗುತ್ತಿತ್ತು. ಮನೆಗಂತೂ ಒಬ್ಬರೂ ಬಂದವರಲ್ಲ. ಕಿಶೋರ ಬಂದದ್ದೂ ಅವನಮ್ಮ ಮಜ್ಜಿಗೆ ಕೊಟ್ಟು ಕಳಿಸಿದ್ದಕ್ಕೆ.

ಮರುದಿನ ಸಂಜೆ ಅವನು ಬಂದಾಗ ಕೈಯಲ್ಲಿ ಚೊಂಬು ಇರಲಿಲ್ಲ. ಹಿಂದೆ ಅರ್ಧ ಕ್ಲಾಸೇ ಇತ್ತು.

"ಹೌದನೋ! ಥೇಟ್ ಸಾರೇ ಮಾರಾಯ!" ಎಂದು ಸ್ಫೂರ್ತಿ ಬಾಯಿ ಮುಚ್ಚಿಕೊಂಡು ನಕ್ಕಳು.

ಆಮೇಲೆ ದಿನಾ ಸಂಜೆ ಅದೇ ಆಟ. ಗಿಲಾವಿಗೆ ತಂದ ಮರಳಿನ ಗುಡ್ಡೆಯ ಮೇಲೆ ಕಿಶೋರ ಜಡ್ಜ್ ಆಗಿ ಕೂರುತ್ತಿದ್ದ. ಒಬ್ಬೊಬ್ಬರೂ ಗೊಂಬೆಯ ಮೇಲೆ ತಮ್ಮ ತಮ್ಮ ಕಂಪ್ಲೇಂಟ್ ಹೇಳುತ್ತಿದ್ದರು. "ಏಯ್ ಡ್ರಿಲ್ ಸಾರ್, ಅಟೆನ್ಷನ್! ಹೊಟ್ಟೆ ಒಳಗೆ!" ಗಾಳಿಗೆ ಗೊಂಬೆ ಗಿರ್ರನೆ ತಿರುಗಿ ಬೆನ್ನು ತೋರಿಸುತ್ತಿತ್ತು. "ನೋಡಿ, ಜಡ್ಜ್ ಮಾತು ಕೇಳೂದಿಲ್ಲ! ಮೂರು ರೌಂಡ್ ಓಡಿಸಿ!" ಪರಿಮಳಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಟ್ಟಣಿಗೆಯ ಮೇಲೆ ಗಿಲಾವು ಮಾಡುತ್ತಿದ್ದ ಮಾದೇವನ ಕೈಯಿಂದ ಒಮ್ಮೆ ಕರಣೆಯೇ ಜಾರಿತು.

ಗೋಡೆಗೆ ಬಣ್ಣ ಹತ್ತಿದ ದಿನ ಸ್ಫೂರ್ತಿ ಕೇಳಿದಳು. "ಪರಿಮಳಾ, ನಿಂದೆಂತ ಕಂಪ್ಲೇಂಟ್? ನೀ ಒಂದಿನಾನೂ ಹೇಳ್ಲಿಲ್ಲ."

ಪರಿಮಳಾ ಗೊಂಬೆಯ ಕಡೆ ನೋಡಿದಳು. ನಗುನಗುತ್ತಲೇ ಶುರುಮಾಡಿದಳು. "ನಂಗೆ ಎಲ್ಲರಿಗಿಂತ ಎರಡು ಏಟು ಜಾಸ್ತಿ. ಮಗಳು ಅಂತ ಬಿಟ್ರು ಅಂತ ಯಾರೂ ಹೇಳಬಾರ್ದಂತೆ. ಮತ್ತೆ... ಮನೇಲೂ ಸಾರ್ ಆಗೇ ಇರ್ತಾರೆ."

ಯಾರೂ ನಗಲಿಲ್ಲ. ಎಲ್ಲರೂ ಅವಳ ಹಿಂದೆ ನೋಡುತ್ತಿದ್ದರು.

ಗೇಟಿನಲ್ಲಿ ಚನ್ನಯ್ಯ ಮಾಸ್ತರು ಬ್ಯಾಗು ಹಿಡಿದು ನಿಂತಿದ್ದರು.

ಮಕ್ಕಳು ಕಾಂಪೌಂಡು ಹಾರಿದರು. ಜಡ್ಜ್ ಎಲ್ಲರಿಗಿಂತ ಮೊದಲು ಹಾರಿದ್ದ.

ಮಾಸ್ತರು ಗೊಂಬೆಯನ್ನು ಮೇಲಿಂದ ಕೆಳಗೆ ನೋಡಿದರು. "ಏನೋ ಮಾದೇವ, ಯಾರಿಂವ?"

"ಯಾರೂ ಅಲ್ರಾ ಮಾಸ್ತರೆ, ದೃಷ್ಟಿಗೆ."

"ಮೀಸಿ ಯಾಕ?"

"ಮೀಸೆ ಇಲ್ದಿದ್ರೆ ಯಾರು ಹೆದರ್ತ್ರು ಮಾಸ್ತರೆ?"

"ನಾಳೆ ಇಳಸು ಇದನ್ನ. ದೃಷ್ಟಿ ಅಂತ, ದೃಷ್ಟಿ!"

ಅಜ್ಜಿ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಇಳಸಪಾ, ಇಳಸು. ಈ ಮನ್ಯಾಗ ಹುಡುಗ್ರು ನಕ್ಕಿದ್ದು ನಾ ಕೇಳಿದ್ದ ಈಗ. ಆ ಗೊಂಬಿ ಹುಡುಗ್ರನ್ನ ಕರಕೊಂಡು ಬಂತು. ನೀ ಬಂದಿ, ಓಡಿಸಿದಿ."

ಮಾಸ್ತರು ಬ್ಯಾಗು ಎತ್ತಿಕೊಂಡು ಒಳಗೆ ಹೋದರು. ಪರಿಮಳಾ ಏಟಿಗೆ ಕಾದಳು. ಏಟು ಬರಲಿಲ್ಲ. ಬೈಗುಳವೂ ಬರಲಿಲ್ಲ. ಅದು ಇನ್ನೂ ಹೆದರಿಕೆ ಹುಟ್ಟಿಸಿತು.

ಮರುದಿನ ಭಾನುವಾರ. ಅಟ್ಟಣಿಗೆ ಬಿಚ್ಚಿ ಮುಗಿದಿತ್ತು. ಮನೆ ಹೊಸ ಅಂಗಿ ತೊಟ್ಟ ಹಾಗೆ ಕಾಣುತ್ತಿತ್ತು. ಸಂಜೆಯಾದರೂ ಒಂದು ಮಗುವಿನ ಸುಳಿವಿಲ್ಲ. ಪರಿಮಳಾ ಮರಳಿನ ಗುಡ್ಡೆಯ ಮೇಲೆ ಒಬ್ಬಳೇ ಕೂತು ಗುಂಡಿ ತೋಡುತ್ತಿದ್ದಳು. ಕಿಟಕಿಯ ಹಿಂದೆ ಅಪ್ಪ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ಮಾದೇವ ಏಣಿ ತಂದು ಗೋಡೆಗೆ ಒರಗಿಸಿದ.

"ಇರಲಿ ಬಿಡೋ," ಎಂದರು ಅಪ್ಪ, ಕಿಟಕಿಯಿಂದಲೇ.

"ಕೆಲಸ ಮುಗೀತಲ್ರಾ ಮಾಸ್ತರೆ? ಇನ್ನೆಂತಕ್ಕೆ ಗೊಂಬೆ?"

"ಇರಲಿ ಅಂದೆ."

ಕಾಂಪೌಂಡಿನ ಆಚೆ ಒಂದು ತಲೆ ಎದ್ದು, ಅಪ್ಪನ ದನಿ ಕೇಳಿ, ಮತ್ತೆ ಮುಳುಗಿತು. ಕಿಶೋರನ ತಲೆ.

ಪರಿಮಳಾ ಒಳಗೆ ಓಡಿದಳು. ಅಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಿಲ ಬಾಗಿಲ ಕಡೆ ಹೊರಟಿದ್ದರು.

"ಎಲ್ಲಿಗ್ ಹೊಂಟಿ ಅಪ್ಪಾ?"

"ಪ್ಯಾಟಿಗೆ."

"ಹಿಂದಿನ ಬಾಗಲ್ದಾಗ ಯಾಕ?"

"ಮುಂದಿನ ಬಾಗಲದ್ದು ಬಣ್ಣ ಹಸಿ ಐತಿ," ಎಂದವರೇ ಬಾಳೆಗಿಡಗಳ ನಡುವೆ ತಲೆ ಬಗ್ಗಿಸಿ, ಕಳ್ಳನ ಹಾಗೆ ದಾಟಿಹೋದರು.

ಪರಿಮಳಾ ಮುಂಬಾಗಿಲಿಗೆ ಬಂದು ಬೆರಳು ಒತ್ತಿ ನೋಡಿದಳು. ಬೆರಳಿಗೆ ಏನೂ ಅಂಟಲಿಲ್ಲ. ಒಂದು ಗಳಿಗೆ ಆ ಬೆರಳನ್ನೇ ನೋಡುತ್ತ ನಿಂತಳು. ಆಮೇಲೆ ಹೋಗಿ ಗೇಟು ತೆರೆದಳು.

"ಬಾರೋ ಕಿಶೋರಾ. ಅಪ್ಪ ಇಲ್ಲ."

ತಲೆ ಮತ್ತೆ ಎದ್ದಿತು. "ಸುಳ್ಳಲ್ಲ ಅಲ್ದ? ಎಷ್ಟೊತ್ತಿಗೆ ಬರ್ತಾರೆ?"

ಪರಿಮಳಾ ಹಿತ್ತಿಲ ಕಡೆ ತಿರುಗಿ ನೋಡಿದಳು.

"ನಾವು ಆಡಿ ಮುಗಿಸಿದ ಮೇಲೆ," ಎಂದಳು.