ಗಿರಣಿಯ ಕೀ

"ಯಜಮಾನ್ರು ಇಲ್ವಾ ಮೇಡಂ?"

ರಾಗಿ ಹಿಟ್ಟು ಕೂತು ಹುಬ್ಬು, ರೆಪ್ಪೆಯೆಲ್ಲ ಬೂದು ಬಣ್ಣವಾಗಿದ್ದ ಚೈತ್ರ ಸಿಡುಕಿನಿಂದ ತಿರುಗಿದಳು. "ಎದುರಿಗೇ ನಿಂತಿದ್ದೀನಲ್ಲ, ಕಾಣ್ಸಲ್ವಾ?"

ಸವೆದ ಗಿರಣಿ ಕಲ್ಲು ಕುಟ್ಟಿ ಹರಿತ ಮಾಡಿಕೊಡಲು ಉಳಿ, ಸುತ್ತಿಗೆ ಹಿಡಿದು ಬಂದಿದ್ದ ನಿರಂಜನ್ ಪೆಚ್ಚಾದ. ಕೊಡಿಗೇಹಳ್ಳಿಯ ಆ ಹಿಟ್ಟಿನ ಗಿರಣಿಗೆ ಅವನು ಬಂದದ್ದು ಅದೇ ಮೊದಲು. ಬೈಸಿಕೊಂಡೇ ಮನಸ್ಸು ಕಳೆದುಕೊಂಡ ಪುಣ್ಯಾತ್ಮ!

ಆಮೇಲೆ ಪ್ರತಿ ತಿಂಗಳೂ ಬಂದ. ಅವಳು ಕೊಟ್ಟ ಟೀ ಕೆಲಸ ಮುಗಿಯುವಷ್ಟರಲ್ಲಿ ಆರಿಹೋಗಿರುತ್ತಿತ್ತು. ಆರಿದ್ದನ್ನೇ ಕುಡಿದು "ಸೂಪರ್!" ಅನ್ನುತ್ತಿದ್ದ. ಅವನು ಬರುವ ದಿನ ಚೈತ್ರ ಮುಖ ತೊಳೆದುಕೊಳ್ಳುವುದೂ ಶುರುವಾಯಿತು.

ಆದರೆ ಸಂಜೆಯಾದರೆ ಅಣ್ಣ ಭೀಮರಾಜ್ ಬರುತ್ತಿದ್ದ. ಅಪ್ಪ ಹೋದ ಮೇಲೆ ಕಟ್ಟಡ ಅವನ ಹೆಸರಿಗಾಗಿತ್ತು, ಕರೆಂಟ್ ಮೀಟರ್ ಕೂಡ. ಮಿಷನ್ ಮಾತ್ರ ಚೈತ್ರಳದು, ಬಳೆ ಮಾರಿ ತಂದದ್ದು. ಶಟರ್ ಎಳೆದು, ಕೀ ಜೇಬಿಗಿಳಿಸುತ್ತಾ ಅಣ್ಣ ಹೇಳುತ್ತಿದ್ದದ್ದು ಒಂದೇ ಮಾತು.

"ನೀನ್ ಮದ್ವೆ ಆಗೋವರ್ಗೂ ನಡ್ಸು. ಆಮೇಲೆ ಇಲ್ಲಿ ಕೆಫೆ ಬರುತ್ತೆ."

ಬೆಳಿಗ್ಗೆ ಅವನು ಎದ್ದು, ತಿಂಡಿ ತಿಂದು, ಪೇಪರ್ ಓದಿ ಬರುವವರೆಗೆ ಅವಳು ಗಿರಾಕಿಗಳ ಜೊತೆ ಬೀದಿಯಲ್ಲಿ ಕಾಯಬೇಕು. ಎಂಥ ಓನರ್ ನಾನು... ಅಂದುಕೊಳ್ಳುತ್ತಿದ್ದಳು.

ಪ್ರೀತಿ ಅಂದರೆ ಮದುವೆ. ಮದುವೆ ಅಂದರೆ ಗಿರಣಿ ಇಲ್ಲ. ಅದಕ್ಕೇ ಬಾಯಿ ಬಿಡದೆ ಉಳಿದಿದ್ದಳು.

ಒಂದು ಭಾನುವಾರ ಅಣ್ಣ ಮೈಸೂರ್ ಪಾಕ್ ತಂದ. "ನಿರಂಜನ್ ಬಂದು ಹೆಣ್ಣು ಕೇಳ್ದ. ನಾನು ಹೂಂ ಅಂದೆ. ಕೆಫೆಯವ್ರಿಗೂ ಹೇಳಿದ್ದಾಯ್ತು!"

ಚೈತ್ರಳ ಕೈಲಿದ್ದ ಮೊರ ಜಾರಿ ಬಿತ್ತು.

ಮರುದಿನ ನಿರಂಜನ್ ಮುಖದ ತುಂಬ ನಗು ಹೊತ್ತು ಬಂದ.

"ನನ್ನ ಕೇಳಿದ್ರಾ?" ಅಂದಳು.

"ಮನೆ ದೊಡ್ಡೋರ್ನ ಮೊದ್ಲು ಕೇಳೋದು ಮರ್ಯಾದೆ ಅಲ್ವೇನ್ರೀ..."

"ಮೊದಲ್ನೇ ದಿನಾನೂ ಯಜಮಾನ್ರನ್ನ ಹುಡುಕಿದ್ರಿ, ಈಗ್ಲೂ ಅವ್ರ ಹತ್ರಾನೇ ಹೋದ್ರಿ! ನಿಮ್ಮ ಮರ್ಯಾದೆಗೆ ನನ್ ಗಿರಣಿ ಹೋಯ್ತು. ಇನ್ಮೇಲೆ ಈ ಕಲ್ಲು ಮುಟ್ಬೇಡಿ!"

ಅವನು ಸಾಮಾನು ಎತ್ತಿಕೊಂಡು ತಲೆ ತಗ್ಗಿಸಿ ಹೋದ. ಅವಳು ಮಿಷನ್ ಸದ್ದಿನಲ್ಲಿ ಅತ್ತಳು.

ಮದುವೆ ಬೇಡ ಅಂದರೂ ಅಣ್ಣ ಬಗ್ಗಲಿಲ್ಲ. "ಕೆಫೆಯವ್ರಿಗೆ ಮಾತು ಕೊಟ್ಟಾಗಿದೆ. ಜಾಗ ಖಾಲಿ ಮಾಡು."

ಇತ್ತ ಕಲ್ಲು ಸವೆಯಿತು. ಪಕ್ಕದ ಬೀದಿಯ ಸೊಣ್ಣಮ್ಮಜ್ಜಿ ಹಿಟ್ಟು ಮುಟ್ಟಿ ಮುಖ ಕಿವುಚಿದಳು. "ಇಟ್ಟು ಸುಡ್ತೈತೆ, ತರಿ ತರಿ ಬ್ಯಾರೆ. ಮುದ್ದೆ ಎಂಗವ್ವ ಕಟ್ಲಿ? ಕಲ್ಲು ಕುಟ್ಸು."

"ಜಾಗಾನೇ ಹೋಗ್ತಿದೆ ಅಜ್ಜಿ..." ದುಃಖ ಒತ್ತರಿಸಿ ಬಂತು.

"ಅಯ್ಯೋ, ನನ್ ಕೊಟ್ಟಿಗೆ ಖಾಲಿ ಐತಲ್ಲ! ಮೇವು ಕತ್ತರ್ಸೋ ಮಿಷನ್‌ಗೆ ಆಕ್ಸಿದ್ ಕರೆಂಟೂ ಐತೆ. ಬಾಡ್ಗೆ ಕೊಡು. ಕೀ ನೀನೇ ಇಟ್ಕೋ."

ಕೀ ನೀನೇ ಇಟ್ಕೋ... ಆ ಮಾತನ್ನು ಚೈತ್ರ ಇನ್ನೊಮ್ಮೆ ಹೇಳಿಸಿಕೊಂಡಳು.

ಮಿಷನ್ ಕೊಟ್ಟಿಗೆ ಸೇರಿದ ದಿನ ಹೊಸ್ತಿಲಾಚೆ ಒಂದು ಅಳುಕಿದ ದನಿ ಕೇಳಿಸಿತು.

"ಯಜಮಾನ್ರು ಇದ್ದಾರಾ?"

ದನಿಯ ಗುರುತು ಸಿಕ್ಕರೂ ಅವಳು ಬಿಗುಮಾನ ಬಿಡಲಿಲ್ಲ. "ಏನ್ ಬೇಕಿತ್ತು?"

ನಿರಂಜನ್ ಒಳಗೆ ಕಾಲಿಡಲಿಲ್ಲ. "ನಿಮ್ಮಣ್ಣಂಗೆ ಹೇಳ್ಬಂದೆ, ಕೇಳ್ಬೇಕಾದೋರ್ನ ಕೇಳ್ದೇನೇ ಬಂದಿದ್ದೆ, ತಪ್ಪಾಯ್ತು ಅಂತ. ಈಗ ನಿಮ್ಮನ್ನ ಕೇಳ್ತಿದ್ದೀನಿ. ಗಿರಣಿ ನಿಮ್ದೇ, ಮದ್ವೆ ಆದ್ಮೇಲೂ ನಿಮ್ದೇ. ನನ್ನ... ಒಪ್ಕೋತೀರಾ?"

"ಮೊದ್ಲು ಕಲ್ಲು ಕುಟ್ಟಿ. ಹಿಟ್ಟು ನೋಡಿ ಹೇಳ್ತೀನಿ."

ಸಂಜೆ ಮೊದಲ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದಳು. ನುಣ್ಣಗಿತ್ತು, ಸುಡುತ್ತಿರಲಿಲ್ಲ. ಚಿಟಿಕೆ ಹಿಟ್ಟನ್ನು ಅವನ ಅಂಗೈಗಿಟ್ಟು ಕಣ್ಣು ತುಂಬಿಕೊಂಡಳು.

"ಹೂಂ ಕಣ್ರೀ..."

ಅವನು ಸಂಭ್ರಮದಲ್ಲಿ ಬಾಗಿಲತ್ತ ಓಡಿದ. "ಬೀಗ ನಾನ್ ಹಾಕ್ಲಾ?"

"ಬೇಡ, ಅದು ನನ್ ಕೆಲ್ಸ." ಸೆರಗಿನ ತುದಿಯಿಂದ ಕೀ ಬಿಚ್ಚುತ್ತಾ ಚೈತ್ರ ನಕ್ಕಳು. "ನೀವು ಇವತ್ತಾದ್ರೂ ಟೀ ಬಿಸಿ ಇರೋವಾಗ್ಲೇ ಕುಡೀರಿ."