ಬೆಳಕಿಗೆ ಬಿದ್ದ ರೋಲು

ನಿಪ್ಪಾಣಿಯ ಶಾಲೆಯಲ್ಲಿ ಎರಡನೇ ಪಿರಿಯಡ್ ಪಾಠ ಮಾಡುತ್ತಿದ್ದಾಗ ಪೂನಮಳಿಗೆ ಸುದ್ದಿ ಬಂತು. ಶಿರಗುಪ್ಪಿಯಲ್ಲಿ ಅಪ್ಪ ತವನಪ್ಪ ತೀರಿಕೊಂಡಿದ್ದರು.

ಮಧ್ಯಾಹ್ನ ಮೂರಕ್ಕೆ ಮನೆಯ ಹೊಸ್ತಿಲು ದಾಟಿದಾಗ ಅವಳಿಗೆ ಮೊದಲು ಕಂಡದ್ದು ಅಪ್ಪನ ಮುಖವಲ್ಲ... ಸುಜಯನ ಬೆನ್ನು!

ಅಪ್ಪನ ಸ್ಟುಡಿಯೋದಲ್ಲಿ ದುಡಿಯುವ ಸುಜಯ. ಅವಳು ಪ್ರೀತಿಸಿದ್ದ ಸುಜಯ. ಪಡಸಾಲೆಯಲ್ಲಿ ಮಲಗಿಸಿದ್ದ ದೇಹದ ಮುಂದೆ ಮೊಣಕಾಲೂರಿ, ಅಪ್ಪನದೇ ಹಳೆಯ ರೋಲಿನ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದಿದ್ದ.

ಅವಳ ಮೈ ಉರಿಯಿತು.

“ಏ! ಕೆಳಗ ಇಡು ಅದನ್ನ! ನಾಚಿಕಿ ಅನ್ನೂದು ಐತೇನು ನಿನಗ?”

“ಪೂನಮ... ನಿಮ್ಮಪ್ಪಾರೇ ಹೇಳಿದ್ರು...”

“ನನ್ನ ಹೆಸರು ಹಿಡಿಬ್ಯಾಡ!”

ಎರಡು ವರ್ಷದ ಹಿಂದೆ ಇದೇ ಪಡಸಾಲೆಯಲ್ಲಿ ಅವಳು ಕೇಳಿದ್ದಳು, ಮದುವೆಯಾಗಿ ನಿಪ್ಪಾಣಿಗೆ ಹೋಗೋಣವೆಂದು. ‘ಸ್ಟುಡಿಯೋ ಬಿಟ್ಟು ಬರಾಂಗಿಲ್ಲ’ ಎಂದಿದ್ದ ಸುಜಯ. ಕಾರಣ ಹೇಳಲಿಲ್ಲ. ಅಪ್ಪನೂ ತಲೆ ತಗ್ಗಿಸಿ ಕ್ಯಾಮೆರಾ ಒರೆಸುತ್ತಿದ್ದ. ಇಬ್ಬರಿಗೂ ನನಗಿಂತ ಕ್ಯಾಮೆರಾನೇ ಹೆಚ್ಚು! ಅಂದು ಹೊರಟವಳು ತಿರುಗಿ ಬಂದಿರಲಿಲ್ಲ.

ಸೋದರತ್ತೆ ದುಂಡವ್ವ ಗದರಿದಳು. “ಜಗಳಾ ಆಮ್ಯಾಲೆ ಆಡ್ರಿ. ಹೊತ್ತು ಮುಳುಗೂದ್ರೊಳಗ ಎತ್ತಬೇಕು. ನಮ್ಮ ಜೈನರ ಪದ್ಧತಿ ಗೊತ್ತಿಲ್ಲೇನು?”

ಪೂನಮ ಕ್ಯಾಮೆರಾ ಕಸಿದುಕೊಂಡಳು. ಫೋಟೋಗ್ರಾಫರನ ಮಗಳು! ಎಲ್ಲಿ ಎಳೆದರೆ ಏನಾಗುತ್ತದೆಂದು ಅವಳ ಬೆರಳಿಗೆ ಗೊತ್ತಿತ್ತು.

“ಬ್ಯಾಡ! ಬ್ಯಾಡಬೇ!” ಸುಜಯ ಕೈ ಚಾಚಿದ.

ಟಕ್! ಹಿಂಬದಿಯ ಮುಚ್ಚಳ ತೆರೆಯಿತು. ತೆಗೆದ ಚಿತ್ರಗಳೆಲ್ಲ ಸುತ್ತಿಕೊಂಡಿದ್ದ ಫಿಲ್ಮಿನ ಮೇಲೆ ಬಾಗಿಲ ಬಿಸಿಲು ಸುರಿದು ಅವನ್ನೆಲ್ಲ ಸುಟ್ಟಿತು.

ಸುಜಯನ ಮುಖ ಬಿಳಿಚಿತು. ಎಂದೂ ದನಿ ಎತ್ತದವನು ಗುಡುಗಿದ.

“ಸಮಾಧಾನ ಆತೇನು? ಅವು ನನ್ನ ಫೋಟೋ ಅಲ್ಲ! ನಿಮ್ಮಪ್ಪಾರು ತಗದವು! ಕಡೇ ಇಪ್ಪತ್ತೆಂಟು!”

“ಸುಳ್ಳು...”

“ಎರಡು ವರ್ಷದಿಂದ ಅವರಿಗೆ ಕಣ್ಣು ಕಾಣತಿದ್ದಿಲ್ಲ ಪೂನಮ! ನಾ ಫೋಕಸ್ ಹಿಡೀತಿದ್ದೆ, ಅವರು ಬಟನ್ ಒತ್ತತಿದ್ರು. ಮಗಳಿಗೆ ಗೊತ್ತಾದ್ರ ನೌಕರಿ ಬಿಟ್ಟು ಬರ್ತಾಳಂತ, ಬಸದ್ಯಾಗ ನನ್ನ ಕಡೆ ಆಣಿ ಹಾಕಿಸಿಕೊಂಡ್ರು. ಅವರನ್ನ ಬಿಟ್ಟು ಹ್ಯಾಂಗ ಬರ್ಲಿ?”

ಅವಳು ಅತ್ತೆಯ ಕಡೆ ತಿರುಗಿದಳು. ದುಂಡವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಖರೇನೇ ಐತಿ. ಗ್ವಾಡಿ ಹಿಡಕೊಂಡು ಅಡ್ಡಾಡತಿದ್ದ.”

“ನೀನೂನಾ ಅತ್ತೀ? ಎಲ್ಲಾರೂ ಕೂಡಿ ನನ್ನ ಹೊರಗ ಇಟ್ರಿ!” ಅವಳು ಸುಜಯನ ಎದೆಗೆ ಗುದ್ದಿದಳು. “ದೊಡ್ಡ ಸತ್ಯವಂತ! ಆಣಿ ಮುರೀಬೇಕಿತ್ತು! ನನಗೋಸ್ಕರ ಮುರೀಬೇಕಿತ್ತು!”

ಅವನು ತಡೆಯಲಿಲ್ಲ. “ಹೌದು... ಮುರೀಬೇಕಿತ್ತು. ತಪ್ಪಾತು.”

ಹದಿನಾರರ ಹರೆಯದಲ್ಲಿ ಮೀರಜಿನಿಂದ ಸೈಕಲ್ಲಿನ ಮೇಲೆ ಕ್ಯಾಮೆರಾ ತಂದಿದ್ದ ಜೀವ ಅಪ್ಪನದು. ಮದುಮಕ್ಕಳು, ಮುನಿಗಳು, ಬಹುಮಾನ ಗೆದ್ದ ಎತ್ತುಗಳು... ಎಲ್ಲರನ್ನೂ ಕಣ್ಣಲ್ಲಿ ತುಂಬಿಕೊಂಡವನಿಗೆ ಕತ್ತಲೆ ಹೇಗಿದ್ದೀತು? ಪೂನಮ ಅಪ್ಪನ ಪಾದದ ಬಳಿ ಕುಸಿದಳು.

“ಏನೇನಿತ್ತು ಅದರಾಗ?”

“ಕೃಷ್ಣಾ ಹೊಳಿ... ಕಬ್ಬಿನ ಹೂವು... ಅತ್ತಿ ರೊಟ್ಟಿ ಬಡಿಯೂದು.”

“ಕಡೀದು?”

“ನಿನ್ನ ಖೋಲಿ. ಖಾಲಿ ಮಂಚ.”

“ಎಲ್ಲಾ ನಾ ಸುಟ್ಟೆ ಸುಜಯ... ನಾನೇ ಸುಟ್ಟೆ!”

ಸುಜಯ ಮುಚ್ಚಳ ಒತ್ತಿ ಮುಚ್ಚಿದ. “ಡಬ್ಬಿ ಒಳಗಿನ ಫಿಲ್ಮಿಗೆ ಬೆಳಕು ಹತ್ತಿಲ್ಲ. ಇನ್ನೂ ಏಳೆಂಟು ಬರ್ತಾವು. ‘ಜೀವನಪೂರ್ತಿ ಮಂದೀದು ತಗದೇನಿ, ಕಡೀಗೆ ನಂದೊಂದು ಈ ಕ್ಯಾಮೆರಾದಾಗ ತಗೀ’ ಅಂದಿದ್ರು. ಹೊತ್ತು ಇಳ್ಯಾಕತ್ತೈತಿ. ನೀ ತಗೀ.”

“ನನಗ ಒಬ್ಬಾಕೀಗೆ ಆಗಾಂಗಿಲ್ಲ...”

ಅವನು ಅವಳ ಮೊಣಕೈಗಳಿಗೆ ತನ್ನ ಅಂಗೈ ಕೊಟ್ಟ. ಗಾಜಿನಾಚೆ ಅಪ್ಪನ ಮುಖ ಮಸುಕಾಯಿತು, ಮತ್ತೆ ಸ್ಪಷ್ಟವಾಯಿತು. ಅವಳು ಉಸಿರು ಹಿಡಿದು ಒತ್ತಿದಳು.

“ನಿನ್ನ ಮ್ಯಾಲಿನ ಸಿಟ್ಟು ಇನ್ನೂ ಹೋಗಿಲ್ಲ.”

“ಹೋಗೂದು ಬ್ಯಾಡ. ಇಲ್ಲೇ ಇದ್ದು ಸಿಟ್ಟ ಮಾಡು... ಜೀವ ಇರೂತನಕ.”

“ಇರ್ತೀನಿ. ಆದ್ರ ಇನ್ನ ನನ್ನಿಂದ ಏನೂ ಮುಚ್ಚಿಡಬ್ಯಾಡ.”

“ಇಲ್ಲ ಪೂನಮ.”

ಹೊತ್ತು ಮುಳುಗುವ ಮೊದಲೇ ಚಟ್ಟ ಮೇಲೆದ್ದಿತು. ಣಮೋಕಾರ ಮಂತ್ರದ ದನಿ ಓಣಿ ತುಂಬಿತು. ಇಬ್ಬರೂ ಒಟ್ಟಿಗೆ ಕೈ ಜೋಡಿಸಿದರು.

ಅರಿಹಂತ ಭಗವಂತಾ, ಈ ಜೀವದ ತಪ್ಪುಗಳನ್ನು ಕ್ಷಮಿಸು. ಇವನಿಗೆ ಸದ್ಗತಿಯಾಗಲಿ, ಇವನ ಆತ್ಮಕ್ಕೆ ಶಾಂತಿ ಸಿಗಲಿ.