ಗೌರಿಯ ಪಾಲಿನ ಕಷಾಯ

ಈಗ ಸೀನು ಬಂದರೆ ಏನು ಗತಿ? ಮೂಗು ಒತ್ತಿ ಹಿಡಿದರೆ ನಿಂತೀತೇ? ಬಾಯಲ್ಲಿ ಉಸಿರಾಡಿದರೆ?

ಹಾಲೇಶ ಇನ್ನೂ ಯೋಚಿಸುತ್ತಿದ್ದ. ಅಷ್ಟರಲ್ಲಿ "ಆಕ್ಷೀ!" ಅದೂ ಸೈನ್ಸ್ ಮಿಸ್ ಮಲ್ಲಿಕಾಂಬ ಅವರ ಎದುರಿಗೇ! ಹಿಂದಿನ ಗೋಡೆಯಲ್ಲಿ ಅವನದೇ ಚಾರ್ಟ್ ತೂಗುತ್ತಿತ್ತು: 'ಅಮೃತಬಳ್ಳಿ, ನಮ್ಮ ಇಮ್ಯುನಿಟಿಯ ಗೆಳೆಯ.'

ಅಜ್ಜಂಪುರದ ಆ ಶಾಲೆಯಲ್ಲಿ ಅಂದು ವಿಜ್ಞಾನ ಪ್ರದರ್ಶನ. ಹಾಲೇಶ, ಭುವನಾ ಇಬ್ಬರದೂ ಒಂದೇ ಪ್ರಾಜೆಕ್ಟ್. ತಿಂಗಳಿಡೀ ಹಾಲೇಶ ಕಷಾಯ ಕುಡಿಯಬೇಕು, ಭುವನಾ ಕುಡಿಯಬಾರದು. ನೆಗಡಿ ಯಾರಿಗೆ ಬರುತ್ತದೋ ನೋಡಬೇಕು.

"ಕುಡಿದೋನಿಗೇ ನೆಗಡಿ ಮಿಸ್! ನಾನು ನೋಡಿ, ಗುಂಡುಕಲ್ಲಿನಂಗಿದೀನಿ," ಎಂದು ಭುವನಾ ಕಿಸಕ್ಕನೆ ನಕ್ಕಳು.

ಮಿಸ್ಸೂ ನಕ್ಕರು. "ಇಬ್ಬರನ್ನೇ ನೋಡಿದ್ರೆ ಏನೂ ಗೊತ್ತಾಗಲ್ಲ ಕಣ್ರೋ. ಬಳ್ಳಿಯೊಳಗಿನ ಯಾವ ಅಂಶ ಏನು ಮಾಡುತ್ತೆ ಅಂತ ವಿಜ್ಞಾನಿಗಳೇ ಇನ್ನೂ ಹುಡುಕ್ತಿದ್ದಾರೆ. ನೀವು ನಡೆದದ್ದನ್ನ ನಡೆದ ಹಾಗೆ ಹೇಳಿ, ಸಾಕು."

ನಡೆದದ್ದೇ ಬೇರೆ. ದಿನಾ ಬೆಳಿಗ್ಗೆ ಅಜ್ಜಿ ಕರಿಬಸಮ್ಮ ಬೇವಿನ ಮರಕ್ಕೆ ಹಬ್ಬಿದ ಬಳ್ಳಿ ಕೊಯ್ದು, ಕುಟ್ಟಾಣಿಯಲ್ಲಿ ಕುಟ್ಟಿ, ಮೆಣಸು ಬೆಲ್ಲ ಹಾಕಿ ಕಾಯಿಸಿ ಕೊಡುತ್ತಿದ್ದಳು. ಅಜ್ಜಿ ಒಲೆ ಕಡೆ ತಿರುಗಿದಳೋ, ಹಾಲೇಶ ಕೊಟ್ಟಿಗೆಗೆ ಓಟ. ಲೋಟದಲ್ಲಿದ್ದದ್ದು ಕಲಗಚ್ಚಿನ ಬಾನಿಗೆ! ಬೆಲ್ಲದ ವಾಸನೆಗೆ ಕರು ಗೌರಿ ಸೊರಸೊರ ಹೀರಿ ಬಾಲ ಎತ್ತಿ ಕುಣಿಯುತ್ತಿತ್ತು.

ಸಂಜೆ ಮನೆಗೆ ಬಂದರೆ ಅಜ್ಜಿ ಜಗಲಿ ಮೇಲೆ ಕೂತಿದ್ದಳು.

"ಭುವನಾ ಹೇಳಿ ಹೋದ್ಲು ಕಣೋ. ನನ್ನ ಕಷಾಯ ಕೆಲಸಕ್ಕೆ ಬರ್ಲಿಲ್ವಂತೆ. ವಯಸ್ಸಾಯ್ತಲ್ಲ, ಹದ ತಪ್ಪಿರ್ಬೇಕು. ನಾಳೆಯಿಂದ ಕಾಯ್ಸಲ್ಲ ಬಿಡು."

ಕುಟ್ಟಾಣಿ ಆಗಲೇ ಅಟ್ಟ ಸೇರಿತ್ತು. ಹಾಲೇಶನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಕುಟ್ಟಿ ಕುಟ್ಟಿ ಹಸಿರುಗಟ್ಟಿದ ಅಜ್ಜಿಯ ಬೆರಳುಗಳನ್ನೇ ನೋಡುತ್ತ ನಿಂತ.

ಬೆಳಿಗ್ಗೆ ಎದ್ದವನೇ ಸ್ಟೂಲ್ ಹತ್ತಿ ಕುಟ್ಟಾಣಿ ಇಳಿಸಿದ.

"ಅಜ್ಜೀ, ಕಾಯ್ಸು. ಪ್ರಾಜೆಕ್ಟ್ ಇನ್ನೂ ಮುಗಿದಿಲ್ಲ."

"ಮುಗೀತು ಅಂದ್ಲಲ್ಲೋ ಆ ಹುಡುಗಿ?"

"ಅವಳಿಗೇನ್ ಗೊತ್ತು!"

ಅಜ್ಜಿಯ ಮುಖ ಅರಳಿತು. ಲೋಟ ಕೈಗೆ ಬಂದದ್ದೇ ಹಾಲೇಶ ಅಂಗಳದಲ್ಲಿ, ಅಜ್ಜಿಯ ಎದುರಿಗೇ ಒಂದು ಗುಟುಕು ನುಂಗಿದ. ಕಹಿ ಕಹಿ! ಕಣ್ಣಲ್ಲಿ ನೀರು. ಕೊಟ್ಟಿಗೆಯಿಂದ ಗೌರಿ ಓಡಿ ಬಂದು "ಅಂಬಾ" ಎನ್ನುತ್ತ ಲೋಟಕ್ಕೇ ಮೂತಿ ಹಾಕಿತು.

"ಇದ್ಯಾಕೋ ಇದು, ನಿನ್ನ ಲೋಟ ಕಂಡ್ರೆ ಹಿಂಗಾಡುತ್ತೆ?" ಅಜ್ಜಿ ಕರುವನ್ನು ನೋಡಿದಳು, ಮೊಮ್ಮಗನನ್ನು ನೋಡಿದಳು. ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗತೊಡಗಿದಳು. "ಹದ ಹೆಂಗೈತೋ?"

"ಸರಿಯಾಗೈತೆ ಅಜ್ಜೀ. ಬೆಲ್ಲ ಒಂಚೂರು ಕಮ್ಮಿ."

ಗೌರಿಯನ್ನು ಮೊಣಕೈಯಿಂದ ತಳ್ಳಿ, ಕಣ್ಣು ಮುಚ್ಚಿ, ಉಳಿದದ್ದನ್ನೂ ಕುಡಿದ. ಅಲ್ಲಿಯವರೆಗೆ ತಾನು ಕುಡಿದದ್ದು ಅದೊಂದೇ ಲೋಟ ಎಂದು ಹಾಲೇಶ ಅಜ್ಜಿಗೆ ಯಾವತ್ತೂ ಹೇಳಲಿಲ್ಲ.